ಎದ್ದು ನಿಂತು ಹೆಸರು ಹೇಳುವ ದಿನ

ಸಂಭಾಜಿನಗರ
ಮೇ ೨೮

ಅವ್ವಾ,

‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಶುರು ಮಾಡಬೇಕು ಅಂತ ಭಾಲ್ಕಿಯ ಮಾಸ್ತರ ಕೈ ಮೇಲೆ ಹೊಡೆದು ಕಲಿಸಿದ್ದ. ಇಲ್ಲಿ ಯಾರೂ ಕ್ಷೇಮ ಇಲ್ಲ. ಸುಳ್ಳು ಬರೆಯಲ್ಲ.

ಪಕ್ಷದ ಶಿಬಿರ, ಎರಡು ದಿನಕ್ಕೆ ಬರ್ತೀನಿ ಅಂದಿ. ಎರಡು ಸೀರೆ, ಪೂಜೆಯ ಪೆಟ್ಟಿಗೆ, ಸಕ್ಕರೆ ಕಾಯಿಲೆಯ ಗುಳಿಗೆ ಇಟ್ಕೊಂಡು ಬಸ್ಸು ಹತ್ತಿದಿ. ಈಗ ನಿನ್ನ ಟಿ.ವಿ.ಯಲ್ಲಿ ಹುಡುಕ್ತಿದೀನಿ. ನಾಸಿಕದ ಹೊರಗೆ ದ್ರಾಕ್ಷಿ ತೋಟದ ನಡುವೆ ಒಂದು ಹೋಟೆಲು. ಗೇಟಿಗೆ ಅಡ್ಡ ಬಸ್ಸು ನಿಲ್ಲಿಸಿದಾರೆ. ಮಹಡಿಯ ಕಿಟಕಿಯಲ್ಲಿ ಪರದೆ ಸರಿಸಿ ಒಬ್ಬ ಹೆಂಗಸು ಹೊರಗೆ ನೋಡಿದಳು. ಅಜ್ಜಿ ಅದು ನೀನೇ ಅಂದಳು. ನಾನು ಅಲ್ಲ ಅಂದೆ. ಇಬ್ಬರೂ ಜಗಳ ಆಡಿ ಊಟ ಬಿಟ್ಟೆವು.

ನಿನ್ನ ಫೋನು ಬಂದ್. ಡ್ರೈವರ್ ಯಲ್ಲಾಲಿಂಗ ನಿನ್ನೆ ಗಾಡಿ ತಗೊಂಡು ಮನೆಗೆ ಬಂದ. ಅಪ್ಪನ ಗಾಡಿಗೆ ಲಾರಿ ಬಡಿದಾಗ ಅವನ ಕಾಲಲ್ಲಿ ಹಾಕಿದ ರಾಡು ಇನ್ನೂ ನೋಯುತ್ತೆ, ಕುಂಟ್ಕೊಂತ ಬಂದು ಹೊಸ್ತಿಲ ಮೇಲೆ ಕೂತ.

“ಎಲ್ಲಾರ ಫೋನ್ ಒಂದು ಚೀಲದಾಗ ಹಾಕ್ಸಿಕೊಂಡ್ರು ವಿನಯಪ್ಪ. ಡ್ರೈವರ್ ಮಂದೀನ ಹೊರಗ ಹಾಕ್ಯಾರ. ವಾರಕ್ಕೊಂದ್ಸಲ ಬಟ್ಟಿ, ಔಷಧಿ, ರೊಟ್ಟಿ ಒಯ್ದು ಕೊಡ್ಲಿಕ್ಕ ಬಿಡ್ತಾರಂತ.”

“ಯಾರ ಬಿಡೋರು?” ಅಂತ ಅಜ್ಜಿ ಕಿವಿಗೆ ಕೈ ಹಿಡಿದು ಕೇಳಿದಳು.

“ಹರಿದಾಸ.”

ಅವನ ಹೆಸರು ಕೇಳಿ ಅಜ್ಜಿ ಎದ್ದು ಒಳಗೆ ಹೋದಳು. ನಾನು ಸುಮ್ಮನಾಗಲ್ಲ. ಪಕ್ಷದ ಸಾಹೇಬನ ಬಲಗೈ ಆಗಿರೋ ಆ ಹಂದಿ ನಿನ್ನ ಬಾಗಿಲು ಕಾಯ್ತಿದಾನೆ ಅಂದ್ರೆ ನನಗೆ ನಿದ್ದೆ ಎಲ್ಲಿ ಬರುತ್ತೆ?

ಅಪ್ಪ ಇದೇ ವಿಧಾನಸಭೆಗೆ ಗೆದ್ದ. ಎರಡನೇ ವರ್ಷ ಸತ್ತ. ಅವನ ಸೀಟು ಖಾಲಿ ಬಿತ್ತು ಅಂತ ಇವರೇ ಮನೆಗೆ ಬಂದು, ಅರಿಶಿಣ ಕುಂಕುಮಕ್ಕೆ ಬಂದ ಹೆಂಗಸರ ಮುಂದೆಯೂ ಗಟ್ಟಿಯಾಗಿ ಮಾತಾಡದ ನಿನ್ನನ್ನ ಉಪಚುನಾವಣೆಗೆ ನಿಲ್ಲಿಸಿದರು. ‘ಜಯಮಾಲಾ ತಾಯಿ, ನೀವು ಕೈ ಮುಗಿದರೆ ಸಾಕು’ ಅಂದರು. ಕೈ ಮುಗಿದಿ, ಗೆದ್ದಿ. ಈ ಒಂದೇ ಅವಧಿಯಲ್ಲಿ ಇಬ್ಬರು ಮುಖ್ಯಮಂತ್ರಿ ಆದರು. ಈಗ ಇವರ ಸಾಹೇಬನಿಗೆ ಮೂರನೆಯವನಾಗಬೇಕು. ಅದಕ್ಕೆ ಗೆದ್ದ ಶಾಸಕರನ್ನ, ನಿಮ್ಮಂಥ ಆಮದಾರರನ್ನ, ಕುರಿ ಕೂಡಿದಂಗೆ ಕೂಡಿದಾರೆ.

ಮೂರು ದಿನದ ಹಿಂದೆ ಒಬ್ಬ ನಮ್ಮ ಹಿಟ್ಟಿನ ಗಿರಣಿಗೆ ಜೋಳ ತಂದ. ಬೀಸಿ ಡಬ್ಬಕ್ಕೆ ತುಂಬಿ ಇಟ್ಟೆ. “ಏನ್ ವಿನಯಶೇಠ, ಆಯಿ ಯಾವಾಗ ಬರೋರು?” ಅಂದ. ನಿನ್ನ ಸುದ್ದಿ ಅವನಿಗ್ಯಾಕೆ? ಹೋದ. ಹಿಟ್ಟು ಒಯ್ಯಲಿಲ್ಲ. ಬೀಸಿದ ಹಿಟ್ಟು ಯಾರಾದರೂ ಬಿಟ್ಟು ಹೋಗ್ತಾರಾ? ಡಬ್ಬ ಇಲ್ಲೇ ಇದೆ. ಅವನು ದಿನಾ ಎದುರಿನ ಪಾನ್ ಅಂಗಡಿ ಹತ್ತಿರ ಬೈಕಿನ ಮೇಲೆ ಕೂತು ನನ್ನ ಕಡೆ ನೋಡ್ತಾನೆ.

ಇದನ್ನ ಕನ್ನಡದಲ್ಲಿ ಬರೆದು ರೊಟ್ಟಿ ಗಂಟಿನಲ್ಲಿ ಇಟ್ಟಿದೀನಿ. ಆ ಮರಾಠಿ ಮಂದಿ ತಿರುವಿ ಮುರುವಿ ನೋಡಿಕೊಳ್ಳಲಿ, ಏನೂ ತಿಳಿಯಲ್ಲ. ನೀನೂ ಕನ್ನಡದಲ್ಲೇ ಬರಿ. ಒಂದೇ ಮಾತು ಹೇಳು. ನಿನ್ನ ಮನಸ್ಸಿನಿಂದ ಹೋದಿಯಾ, ಇಲ್ಲ ಒಯ್ದರಾ?

ನಿನ್ನ ಮಗ,
ವಿನಯ

•

ನಾಸಿಕ
ಜೂನ್ ೩

ವಿನಯ,

ನಿನ್ನ ಕಾಗದ ನನ್ನ ಕೈಗೆ ಹೇಗೆ ಬಂತು ಅಂತ ಮೊದಲು ಹೇಳುತ್ತೇನೆ. ಕೆಳಗೆ ಕರೆದರು. ಹರಿದಾಸ ರೊಟ್ಟಿ ಗಂಟು ಬಿಚ್ಚಿ ಒಂದೊಂದು ರೊಟ್ಟಿ ಎತ್ತಿ ನೋಡುತ್ತಿದ್ದ. ಕಾಗದ ಸಿಕ್ಕಿತು. “ಹೇ ಕಾಯ್?” ಇದೇನು ಅಂದ. ಯಲ್ಲಾಲಿಂಗ ಒಂದು ಕ್ಷಣವೂ ತಡೆಯಲಿಲ್ಲ. “ಅಕ್ಕೋರ ಲಿಂಗಪೂಜೆಯ ಸ್ತೋತ್ರ ಸಾಹೇಬ್, ಅತ್ತಿ ಬರೆದು ಕಳಿಸ್ಯಾರ” ಅಂದುಬಿಟ್ಟ. ಹರಿದಾಸ ಚಪ್ಪಲಿ ಬಿಟ್ಟು, ಕಾಗದ ಕಣ್ಣಿಗೆ ಒತ್ತಿಕೊಂಡು ನನಗೆ ಕೊಟ್ಟ.

ಕೋಣೆಗೆ ಬಂದು ಓದಿದರೆ ಅದರಲ್ಲಿ ನೀನು ಅವನನ್ನು ಹಂದಿ ಅಂದಿದ್ದೆ. ನಕ್ಕೆ. ಆಮೇಲೆ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ನೀನು ಕೇಳಿದ್ದಕ್ಕೆ ಉತ್ತರ. ಮನಸ್ಸಿನಿಂದ ಬರಲಿಲ್ಲ, ಕೈ ಹಿಡಿದು ಎಳೆದೂ ಒಯ್ಯಲಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು ‘ತಾಯಿ, ಹತ್ತಿರಿ’ ಅಂದರು, ಹತ್ತಿದೆ. ಎಲ್ಲಿಗೆ ಅಂತ ಕೇಳಬೇಕಿತ್ತು. ಮುಂದೆ ಹತ್ತಿದವರು ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಊಟಕ್ಕೆ ತೊಂದರೆಯಿಲ್ಲ. ಬೆಳಿಗ್ಗೆ ಇಡ್ಲಿ, ತೆಂಗಿನಕಾಯಿ ಚಟ್ನಿ. ಸಂಜೆ ಮೈದಾದ ದುಂಡನೆಯ ಬಜ್ಜಿ ಕೊಡುತ್ತಾರೆ, ಅದಕ್ಕೆ ಗೋಳಿಬಜೆ ಅನ್ನುತ್ತಾರಂತೆ. ಸಾರಿಗೆ ಬೆಲ್ಲ ಹಾಕುತ್ತಾರೆ. ಜೋಳದ ರೊಟ್ಟಿ ಮಾತ್ರ ಇಲ್ಲ. ಅತ್ತೆಯ ರೊಟ್ಟಿಯನ್ನು ಅರ್ಧರ್ಧ ಮುರಿದು ತಿನ್ನುತ್ತಿದ್ದೇನೆ.

ಊಟದ ಮನೆಯಲ್ಲಿ ಹರಿದಾಸ ದಿನವೂ ಬೆರಳು ತೋರಿಸಿ ನಮ್ಮನ್ನು ಎಣಿಸುತ್ತಾನೆ. ಮಂತ್ರಿಯಾಗಿದ್ದವರೂ ತಟ್ಟೆಯ ಮುಂದೆ ಸುಮ್ಮನೆ ಕೂತು ಎಣಿಸಿಕೊಳ್ಳುತ್ತಾರೆ. ಧುಳೆ ಕಡೆಯ ಒಬ್ಬ ವಯಸ್ಸಾದ ಆಮದಾರರು ವಾಯುವಿಹಾರಕ್ಕೆ ಅಂತ ತೋಟದ ಕಡೆ ನಡೆದು ಹೋದರು. ಅವರನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ವಾಪಸು ತಂದರು. ಮೈಮೇಲೆ ಒಂದು ಗಾಯವಿಲ್ಲ. ಅಂದಿನಿಂದ ಅವರು ಯಾರ ಜೊತೆಗೂ ಮಾತಾಡಿಲ್ಲ. ಇಡ್ಲಿ ಬೇಕಾ ಅಂದರೂ ತಲೆಯಾಡಿಸುತ್ತಾರೆ ಅಷ್ಟೇ.

ಮೊನ್ನೆ ತ್ರ್ಯಂಬಕೇಶ್ವರಕ್ಕೆ ಒಯ್ದರು. ಬಿಲ್ವಪತ್ರೆ, ಭಂಡಾರದ ಅರಿಶಿಣ ಕೈಯಲ್ಲಿಟ್ಟು ಸಾಹೇಬರ ಕಡೆಗೇ ಮತ ಹಾಕುತ್ತೇನೆ ಅಂತ ಆಣೆ ಮಾಡಬೇಕಂತೆ. ಒಬ್ಬೊಬ್ಬರೂ ಎತ್ತಿದರು. ನನ್ನ ಸರದಿ ಬಂದಾಗ ಸೆರಗಿನೊಳಗಿನ ಲಿಂಗ ತೋರಿಸಿ, “ಕೊರಳಲ್ಲಿ ಲಿಂಗ ಇದ್ದವರು ಬೇರೆ ಗುಡಿಯಲ್ಲಿ ಆಣೆ ಮಾಡಂಗಿಲ್ಲ, ಹರಿದಾಸ ಭಾವೂ. ಮಾಡಿದರೆ ಎರಡೂ ಕಡೆ ಪಾಪ” ಅಂದೆ. ಅಂಥ ನೇಮ ಎಲ್ಲಾದರೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಬಿಟ್ಟ. ಆದರೆ ವಾಪಸು ಬರುವ ದಾರಿಯುದ್ದಕ್ಕೂ ಬಸ್ಸಿನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ನೀನು ಅತ್ತೆಯನ್ನು ಕರೆದುಕೊಂಡು ಭಾಲ್ಕಿಗೆ, ನಿನ್ನ ಮಾವನ ಮನೆಗೆ ಹೋಗು. ಗಿರಣಿ ನಾಲ್ಕು ದಿನ ಮುಚ್ಚಿದ್ದರೆ ಯಾರೂ ಉಪವಾಸ ಬೀಳುವುದಿಲ್ಲ. ಮತ್ತೆ, ಸಿಟ್ಟು ಬಂದಾಗ ಕಾಗದ ಬರೆಯಬೇಡ.

ನಿನ್ನ,
ಅವ್ವ

•

ಸಂಭಾಜಿನಗರ
ಜೂನ್ ೧೦

ಅವ್ವಾ,

ಸಿಟ್ಟು ಇಲ್ಲದಾಗ ಬರಿ ಅಂದ್ರೆ ನಾನು ಬರೆಯೋದೇ ಆಗಲ್ಲ.

ಭಾಲ್ಕಿಗೆ ಹೋಗಲ್ಲ. ಹೋದರೆ ಹೆದರಿ ಓಡಿದ ಅಂತಾರೆ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗಲೂ ಓಡಿದ ಅಂದರು. ಈ ಸಲ ಅನ್ನಿಸಿಕೊಳ್ಳಲ್ಲ. ಹೆದರಿಕೆ ಇಲ್ಲ ಅಂತ ಅಲ್ಲ. ಹೊರಗೆ ಬೈಕು ನಿಂತ ಶಬ್ದ ಆದರೆ ಕೈಯಲ್ಲಿನ ಮೊರ ಬೀಳುತ್ತೆ. ಅಜ್ಜಿಗೆ ಕಾಣದಂಗೆ ಎತ್ಕೋತೀನಿ.

ಮುಖ್ಯಮಂತ್ರಿ ಕಡೆಯವನೂ ಬಂದಿದ್ದ. ಬಿಳಿ ಕಾರು, ಕೈತುಂಬ ಉಂಗುರ. “ನಿಮ್ಮ ಆಯಿನ ನಮ್ಮ ಕಡೆ ಕರ್ಕೊಂಡು ಬಾ. ಮುಂಬೈನಲ್ಲಿ ಫೈವ್‌ಸ್ಟಾರ್ ಹೋಟೆಲ್ ಐತೆ, ಯಾರೂ ಮುಟ್ಟಂಗಿಲ್ಲ” ಅಂದ.

“ಅಲ್ಲೂ ಫೋನ್ ಕಸ್ಕೋತೀರಾ?” ಅಂತ ಕೇಳಿದೆ.

“ಸುರಕ್ಷತೆಗೆ ಅಷ್ಟೇ.”

ಕಿವಿ ಮಂದ ಇದ್ದರೂ ಆ ಕಾರು ಕಂಡು ಅಜ್ಜಿ ಒಳಗಿಂದ ಕೂಗಿದಳು: “ವಿನಯಾ, ಆ ಮನುಷ್ಯಾಗ ಚಾ ಕೊಡಬ್ಯಾಡ. ಸಕ್ರಿ ಮುಗದದ.” ಸಕ್ಕರೆ ಡಬ್ಬ ತುಂಬ ಇತ್ತು.

ಇಬ್ಬರೂ ಒಂದೇ. ಒಬ್ಬನ ಹೋಟೆಲಿನಿಂದ ಇನ್ನೊಬ್ಬನ ಹೋಟೆಲಿಗೆ ನಿನ್ನ ಹಾಕೋಕೆ ನನಗೆ ಇಷ್ಟ ಇಲ್ಲ. ಅದಕ್ಕೆ ನಾನೇ ಯೋಚನೆ ಮಾಡಿದೀನಿ. ನೆಟ್ಟಗೆ ಓದು. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಎದೆ ನೋವು ಅಂತ ಬಿದ್ದುಬಿಡು. ಸಕ್ಕರೆ ಕಾಯಿಲೆ ಇರೋದು ಎಲ್ಲರಿಗೂ ಗೊತ್ತು, ನಂಬ್ತಾರೆ. ಆಸ್ಪತ್ರೆಗೆ ಒಯ್ಯಲೇಬೇಕು, ಟಿ.ವಿ.ಯವರು ಗೇಟಲ್ಲೇ ಇದಾರೆ. ಆಸ್ಪತ್ರೆಯ ಹಿಂದಿನ ಬಾಗಿಲಲ್ಲಿ ಯಲ್ಲಾಲಿಂಗ ಇರ್ತಾನೆ. ಪಿಂಪಳಗಾಂವ್ ಬಸವಂತದ ಮಾರ್ಕೆಟ್ಟಿಗೆ ಬಂದುಬಿಡು. ನಾನು ಅಲ್ಲಿರ್ತೀನಿ. ಅಲ್ಲಿಂದ ಹೈದರಾಬಾದಿಗೆ ಉಳ್ಳಾಗಡ್ಡಿ ಲಾರಿ ಹೋಗ್ತಾವೆ, ಡ್ರೈವರ್ ಹುಮನಾಬಾದಿನವನು, ಮಾತಾಡಿದೀನಿ. ಉಳ್ಳಾಗಡ್ಡಿ ಲಾರಿಯಲ್ಲಿ ಆಮದಾರನ್ನ ಯಾರೂ ಹುಡುಕಲ್ಲ.

ಇನ್ನೊಂದು ಮಾತು. ಇಷ್ಟು ದಿನ ನಿನ್ನ ಮುಂದೆ ಅಂದಿಲ್ಲ. ಅಪ್ಪ ಸಾಯೋ ಹಿಂದಿನ ದಿನ ಹರಿದಾಸ ನಮ್ಮ ಮನೆಗೆ ಬಂದು ಅಪ್ಪನ ಜೊತೆ ಜಗಳ ಆಡಿದ. ನಾನು ಚಹಾ ಒಯ್ದೆ. ಹೋಗುವಾಗ ಅವನು ನಕ್ಕೊಂತ, “ಸಾವಕಾಶ ಹೋಗ್ರಿ ಅಪ್ಪಾಸಾಹೇಬ, ರಸ್ತೆ ಸರಿ ಇಲ್ಲ” ಅಂದ. ಮಾರನೇ ದಿನ ಯೇವಲಾ ದಾಟಿದ ಮೇಲೆ ದೀಪ ಇಲ್ಲದ ಲಾರಿ ಬಂತು. ಪೊಲೀಸರು ಅಪಘಾತ ಅಂತ ಬರೆದರು. ನಾನು ಬರೆಯಲ್ಲ. ಹರಿದಾಸ ಅಪ್ಪನ್ನ ಕೊಂದ. ಅವನು ಎಣಿಸೋ ಊಟದ ಮನೆಯಲ್ಲಿ ನೀನು ಇಡ್ಲಿ ತಿಂತಿದೀ.

ಅಲ್ಲಿ ಇರಬೇಡ ಅವ್ವ. ಬಂದುಬಿಡು. ಇಲ್ಲ, ಅಲ್ಲೇ ಎದ್ದು ನಿಂತು ಅವನ ಮುಖಕ್ಕೆ ಒಂದು ಸಲ ಕೂಗು. ಒಂದು ಸಲನಾದರೂ ಬಾಯಿ ಬಿಡು.

ವಿನಯ

•

ನಾಸಿಕ
ಜೂನ್ ೧೩

ಶ್ರೀ ವಿನಯ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ಸುಧಾಕರ, ಊರು ಬ್ರಹ್ಮಾವರದ ಹತ್ತಿರ. ನಿಮ್ಮ ತಾಯಿಯವರು ಇರುವ ಹೋಟೆಲಿನ ಮ್ಯಾನೇಜರ್. ನಿಮ್ಮ ‘ಸ್ತೋತ್ರ’ವನ್ನು ನಾನು ಓದಿದ್ದೇನೆ.

ಒಂದು ಕೇಳುತ್ತೇನೆ, ಬೇಸರ ಮಾಡಬೇಡಿ. ನಾಸಿಕದಲ್ಲಿ ಕನ್ನಡ ಓದುವವರಿಲ್ಲ ಅಂತ ನಿಮಗೆ ಹೇಳಿದ್ದು ಯಾರು ಮಾರಾಯ್ರೆ? ಇಲ್ಲಿ ಇಡ್ಲಿ ಸಿಗುವ ಹೋಟೆಲುಗಳ ಗಲ್ಲೆಯಲ್ಲಿ ಕೂತು ಬಿಲ್ಲಿನ ಹಣ ತೆಗೆದುಕೊಳ್ಳುವವರು ಹೆಚ್ಚಿನವರೂ ನಮ್ಮ ಕಡೆಯವರೇ. ನಿಮ್ಮ ತಾಯಿಯವರು ದಿನಾ ಗೋಳಿಬಜೆ ತಿನ್ನುತ್ತಾರಲ್ಲ, ಅದನ್ನು ಮರಾಠಿಯವರು ಮಾಡುತ್ತಾರೆ ಅಂತ ಗ್ರಹಿಸಿದಿರಾ?

ಈ ಸಲ ಕಾಗದ ಸಿಕ್ಕಿದಾಗ ಹರಿದಾಸ ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ತುಂಬಾ ಉದ್ದದ ಸ್ತೋತ್ರ ಅಂತ ಅವನಿಗೆ ಸಂಶಯ ಬಂತು. ಸೀದಾ ನನ್ನ ಗಲ್ಲೆಗೆ ತಂದ.

“ಸುಧಾಕರಶೇಠ, ತುಮ್ಹೀ ಕಾನಡೀ ನಾ? ವಾಚಾ.”

ನೀವು ಕನ್ನಡದವರಲ್ಲವಾ, ಓದಿ ಅಂದ. ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ಎರಡನೇ ಪುಟಕ್ಕೆ ಬರುವಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಗಟ್ಟಿಯಾಗಿ ಮರಾಠಿಯಲ್ಲಿ ಹೇಳಲು ಶುರು ಮಾಡಿದೆ. ಅಜ್ಜಿಗೆ ಮೊಣಕಾಲು ನೋವು. ಗಿರಣಿಯ ಬೆಲ್ಟು ತುಂಡಾಗಿದೆ, ಹೊಸತು ತರಬೇಕು. ಮಳೆ ಇನ್ನೂ ಬಂದಿಲ್ಲ. ಅಮ್ಮ ಗುಳಿಗೆ ಮರೆಯಬಾರದು. ಬಾಯಿಗೆ ಬಂದದ್ದು ಹೇಳುತ್ತಾ ಹೋದೆ.

“ಇಷ್ಟು ಬರೆದದ್ದು ಒಂದು ಬೆಲ್ಟಿಗಾ?” ಅಂದ.

“ನಮ್ಮವರು ಹಾಗೇ. ಚಹಾ ಕುಡಿದೆ ಅನ್ನಲಿಕ್ಕೂ ಒಂದು ಪುಟ ಬೇಕು.”

ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ, “ಇದರಲ್ಲಿ ನನ್ನ ಹೆಸರು ಉಂಟಾ?”

ಇಲ್ಲ ಅನ್ನಬಹುದಿತ್ತು. ಬೇರೆ ಯಾರಾದರೂ ಓದಿದರೆ ಸಿಕ್ಕಿಬೀಳುತ್ತೇನೆ ಅಂತ ಕಂಡಿತು. “ಉಂಟು. ಹರಿದಾಸ ಭಾವೂ ನನ್ನ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಅವರಿಗೆ ನನ್ನ ನಮಸ್ಕಾರ ಅಂತ ಬರೆದಿದ್ದಾನೆ” ಅಂದೆ.

ಅವನು ಕಾಗದ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಅದೇ ನನಗೆ ಹೆದರಿಕೆ. ಕಾಗದ ನಿಮ್ಮ ತಾಯಿಯವರಿಗೆ ತಲುಪಲಿಲ್ಲ. ಅವನ ಜೇಬಿನಲ್ಲಿದೆ. ನಾಳೆ ಇನ್ನೊಬ್ಬ ಕನ್ನಡದವನು ಸಿಕ್ಕಿದರೆ?

ನೀವು ಹೇಳಿದ ಭಾನುವಾರದ ಯೋಚನೆ ಬಿಟ್ಟುಬಿಡಿ. ಇಲ್ಲಿಂದ ಯಾರಿಗೆ ಹುಷಾರಿಲ್ಲದಿದ್ದರೂ ಒಯ್ಯುವ ಆಸ್ಪತ್ರೆಯ ಬಾಗಿಲಲ್ಲೂ ಅವರದೇ ಜನ ಇದ್ದಾರೆ. ನಿಮ್ಮ ತಾಯಿಯವರು ಸ್ಟ್ರೆಚರಿನ ಮೇಲೆ ಹೋಗಿ ಸ್ಟ್ರೆಚರಿನ ಮೇಲೆಯೇ ವಾಪಸು ಬರುತ್ತಿದ್ದರು.

ನಾನು ಧೈರ್ಯದವನಲ್ಲ. ಮಗಳು ಶರ್ಮಿಳಾ ಇಲ್ಲಿಯೇ ಕಾಲೇಜಿಗೆ ಹೋಗುತ್ತಾಳೆ. ಒಂದು ಸಲ ಸುಳ್ಳು ಹೇಳಿದೆ. ಎರಡನೇ ಸಲ ನನ್ನಿಂದಾಗದು. ಇದನ್ನು ಗೇಟಿನಲ್ಲಿ ಚಹಾ ಕುಡಿಯುವಾಗ ಯಲ್ಲಾಲಿಂಗನ ಕೈಗೆ ಕೊಡುತ್ತಿದ್ದೇನೆ. ಓದಿ ಸುಟ್ಟುಬಿಡಿ.

ಇಂತಿ,
ಸುಧಾಕರ

•

ಸಂಭಾಜಿನಗರ
ಜೂನ್ ೧೬

ತೀರ್ಥರೂಪ ಅವ್ವನಿಗೆ ವಿನಯನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ.

ಹೋದ ಸಲ ಬರೆದದ್ದನ್ನೇ ಮತ್ತೆ ಬರೀತಿದೀನಿ. ಅಜ್ಜಿಗೆ ಮೊಣಕಾಲು ನೋವು ಹಂಗೇ ಇದೆ. ಎಣ್ಣೆ ತಿಕ್ಕಿದೀವಿ. ಗಿರಣಿಯ ಬೆಲ್ಟು ತುಂಡಾಗಿತ್ತು, ಹೊಸತು ತಂದು ಹಾಕಿದೆ. ಮಳೆ ಇನ್ನೂ ಸರಿಯಾಗಿ ಬಂದಿಲ್ಲ. ನೀನು ಗುಳಿಗೆ ಮರೆಯಬೇಡ.

ಹರಿದಾಸ ಭಾವೂಗೆ ನನ್ನ ನಮಸ್ಕಾರ ಹೇಳು. ನಿನ್ನ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಅವರ ಉಪಕಾರ ದೊಡ್ಡದು.

ಭಾನುವಾರ ನಾವು ಎಲ್ಲೂ ಹೋಗಲ್ಲ. ಮನೆಯಲ್ಲೇ ಇರ್ತೀವಿ. ನೀನೂ ಆರಾಮ ಇರು. ಊಟ ಮಾಡು. ಯಾರಿಗೂ ಏನೂ ಅನ್ನಬೇಡ.

ಬೇರೆ ಏನೂ ವಿಶೇಷ ಇಲ್ಲ.

ನಿನ್ನ ಆಶೀರ್ವಾದ ಬೇಡುವ,
ವಿನಯ

•

ಮುಂಬೈ, ಆಮದಾರ ನಿವಾಸ
ಜುಲೈ ೧

ವಿನಯ,

ನಿನ್ನ ಕೊನೆಯ ಕಾಗದ ಓದಿ ನನಗೆ ಜ್ವರ ಬಂದ ಹಾಗಾಯಿತು. ‘ಎಲ್ಲರೂ ಕ್ಷೇಮ’ ಅಂತ ನೀನು ಬರೆದಿದ್ದೀ ಅಂದರೆ ಏನೋ ಆಗಿದೆ ಅಂತ ಗೊತ್ತಾಯಿತು. ಏನು ಅಂತ ಗೊತ್ತಾಗಲಿಲ್ಲ. ಬೆಲ್ಟು ಯಾವಾಗ ತುಂಡಾಯಿತು, ಹೋದ ಸಲ ಅಂದರೆ ಯಾವ ಸಲ ಅಂತ ಯೋಚಿಸುತ್ತಲೇ ಇದ್ದೆ.

ಆಮೇಲೆ ಒಂದು ಮಧ್ಯಾಹ್ನ ಹರಿದಾಸ ನನ್ನನ್ನು ಊಟದ ಮನೆಗೆ ಕರೆದ. ಬೇರೆ ಯಾರೂ ಇರಲಿಲ್ಲ. ನನ್ನ ಕೈಗೆ ಬಾರದ, ನಿನ್ನ ಅಕ್ಷರದ ಒಂದು ಕಾಗದವನ್ನು ಟೇಬಲ್ ಮೇಲೆ ಇಟ್ಟ. ಅದರ ಫೋಟೊ ತೆಗೆದು ಸೊಲ್ಲಾಪುರದ ಯಾರಿಗೋ ಕಳಿಸಿದ್ದನಂತೆ. ಅವನು ಓದಿ ಮರಾಠಿಯಲ್ಲಿ ಹೇಳಿ ರೆಕಾರ್ಡ್ ಮಾಡಿ ವಾಪಸು ಕಳಿಸಿದ್ದಾನೆ. ಹರಿದಾಸ ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದ. ನಿನ್ನ ಮಾತನ್ನು ಗುರುತಿಲ್ಲದವನ ದನಿಯಲ್ಲಿ ಕೇಳಿದೆ. ‘ಹರಿದಾಸನೇ ನನ್ನ ಅಪ್ಪನನ್ನು ಕೊಂದ.’ ಆ ಮನುಷ್ಯ ನಿಧಾನವಾಗಿ, ರೇಡಿಯೊ ವಾರ್ತೆಯ ಹಾಗೆ ಹೇಳಿದ.

ನಾನು ಕಾಗದ ನನ್ನ ಕಡೆ ತಿರುಗಿಸಿಕೊಂಡು ಆ ಸಾಲು ಹುಡುಕಿದೆ.

“ತಾಯಿ, ನಿಮ್ಮ ಯಜಮಾನರು ಹೋದ ದಿನ ನಾನು ಅತ್ತಿದ್ದೆ. ನಿಮ್ಮ ಮಗ ಹೀಗೆ ಬರೆದಾನ. ನೀವು ಏನಂತೀರಿ?” ಅಂದ. ಅವನ ಕಣ್ಣಲ್ಲಿ ನಿಜವಾಗಿ ನೀರು ಬಂತು ವಿನಯ. ಅದು ಸುಳ್ಳು ನೀರೋ, ನಿಜವೋ ನನಗೆ ತಿಳಿಯಲಿಲ್ಲ. ನಿನ್ನ ಅಪ್ಪನ ಸಾವಿನ ಬಗ್ಗೆ ನಾನು ಇಷ್ಟು ವರ್ಷ ಯಾರನ್ನೂ ಏನೂ ಕೇಳಲಿಲ್ಲ. ಉತ್ತರ ಬಂದರೆ ಆ ಉತ್ತರದ ಜೊತೆ ಮನೆಯಲ್ಲಿ ಹೇಗೆ ಇರುವುದು ಅಂತ ಹೆದರಿಕೆ.

ಅವನು ಕಣ್ಣೊರೆಸಿಕೊಂಡು ಕಾಗದ ಮಡಚಿದ. “ಹುಡುಗ ಇನ್ನೂ ಸಣ್ಣವ. ಎಂಟಕ್ಕ ಗಿರಣಿ ತೆಗೀತಾನ. ಅಜ್ಜಿಗೆ ಕಿವಿ ಮಂದ. ಮನಿಗೆ ಹಿಂದಿನ ಬಾಗಿಲಿಲ್ಲ. ಜೋಪಾನ ಇರ್ಲಿ ಅಂತ ಹೇಳ್ರಿ” ಅಂದ. ಅಷ್ಟೇ. ಬೈಯಲಿಲ್ಲ. ಒಂದು ಲೋಟ ನೀರು ತರಿಸಿ ಕೊಟ್ಟ.

ಗಲ್ಲೆಯಲ್ಲಿ ಸುಧಾಕರ ಅಂತ ಒಬ್ಬರು ಇರುತ್ತಿದ್ದರು. ಮರುದಿನದಿಂದ ಅಲ್ಲಿ ಬೇರೆಯವರು. ಊರಿಗೆ ಹೋದರು ಅಂದರು. ಅವರ ಚಪ್ಪಲಿ ಗಲ್ಲೆಯ ಕೆಳಗೇ ಇದ್ದವು.

ಈಗ ನಮ್ಮನ್ನು ಮುಂಬೈಗೆ ತಂದಿದ್ದಾರೆ. ಸಾಹೇಬರು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದ್ದಾರೆ. ಜುಲೈ ನಾಲ್ಕಕ್ಕೆ ಸದನದಲ್ಲಿ ವಿಶ್ವಾಸಮತ. ಹೌದು ಅನ್ನುವವರು ಒಂದು ಕಡೆ, ಇಲ್ಲ ಅನ್ನುವವರು ಒಂದು ಕಡೆ. ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಹೆಸರು ತಾವೇ ಹೇಳಬೇಕು. ನಾನು ಆರಿಸಿ ಬಂದಾಗಿನಿಂದ ಆ ಮನೆಯಲ್ಲಿ ಒಂದು ಮಾತೂ ಆಡಿಲ್ಲ. ಬೇರೆಯವರು ಕೈ ಎತ್ತಿದಾಗ ಎತ್ತಿದ್ದೇನೆ. ಬಸ್ಸು ಹತ್ತಿಸಿದವರು ನನ್ನ ಮನಸ್ಸು ಕೇಳಲಿಲ್ಲ. ಬಿಳಿ ಕಾರಿನವರೂ ಕೇಳಲಿಲ್ಲ. ಮೊದಲ ಸಲ ಒಬ್ಬರು ನನ್ನ ಕಡೆ ತಿರುಗಿ, ಜಯಮಾಲಾ, ನೀನು ಯಾವ ಕಡೆ ಅಂತ ಕೇಳುತ್ತಾರೆ. ಉತ್ತರ ನನ್ನ ಹತ್ತಿರ ಇದೆ. ಸದಸ್ಯತ್ವ ಹೋದರೆ ಹೋಗಲಿ.

ಆದರೆ ನೀನು ಆ ಗಿರಣಿಯಲ್ಲಿ ಕೂತಿರುವಷ್ಟು ಹೊತ್ತು ನನ್ನ ಬಾಯಿ ಅವರ ಕೈಯಲ್ಲಿದೆ. ನೀನು ಬಾಯಿ ಬಿಡು, ಬಾಯಿ ಬಿಡು ಅನ್ನುತ್ತಿದ್ದೆಯಂತೆ. ಹಾಗಾದರೆ ನೀನು ಅಲ್ಲಿಂದ ಏಳು. ಯಲ್ಲಾಲಿಂಗ ಈ ಕಾಗದ ತರುತ್ತಾನೆ. ಅವನ ಗಾಡಿಯಲ್ಲೇ ಅತ್ತೆಯ ಜೊತೆ ಭಾಲ್ಕಿಗೆ ಹೋಗು. ನಿಮ್ಮನ್ನು ಮುಟ್ಟಿಸಿ ಅವನು ಮುಂಬೈಗೆ ಬರಲಿ. ವಿಧಾನಭವನದ ಗೇಟಿನಲ್ಲಿ ಅವನು ನಿಂತಿರುವುದು ಕಂಡರೆ ನೀವು ಗಡಿ ದಾಟಿದ್ದೀರಿ ಅಂತ ತಿಳಿಯುತ್ತೇನೆ. ಕಾಣದಿದ್ದರೆ ಅವರು ಹೇಳಿದ ಹಾಗೆ ಹೇಳಿ ಕೂತುಬಿಡುತ್ತೇನೆ. ನಿನ್ನ ಮೇಲೆ ಸಿಟ್ಟು ಮಾಡುವುದಿಲ್ಲ.

ನಿನ್ನ,
ಅವ್ವ

•

ಭಾಲ್ಕಿ
ಜುಲೈ ೪

ಅವ್ವಾ,

ನಿನ್ನ ಫೋನು ವಾಪಸು ಕೊಟ್ಟಿದಾರೆ ಅಂತ ಗೊತ್ತಾಯ್ತು, ರಿಂಗ್ ಆಗ್ತಿದೆ. ನೀನು ಎತ್ತಲಿಲ್ಲ. ಎತ್ತಬೇಡ. ಇಷ್ಟು ದಿನ ಅವರ ಚೀಲದಲ್ಲಿದ್ದ ಫೋನು, ಅದರಲ್ಲಿ ನಾನು ಏನೂ ಮಾತಾಡಲ್ಲ.

ಸುಧಾಕರ ಅವರು ಬದುಕಿದಾರೆ. ಬ್ರಹ್ಮಾವರದಿಂದ ಫೋನ್ ಮಾಡಿದ್ದರು. ಕೆಲಸ ಹೋಗಿದೆ. ಮಗಳನ್ನೂ ಕರ್ಕೊಂಡು ಬರಿಗಾಲಲ್ಲಿ ರೈಲು ಹತ್ತಿದರಂತೆ. “ನಿಮ್ಮ ಅಕ್ಷರ ಅಷ್ಟು ದುಂಡಗೆ ಯಾಕೆ ಬರೆದದ್ದು ಮಾರಾಯ್ರೆ? ಸ್ವಲ್ಪ ಗೀಚಿದ್ದರೆ ಸೊಲ್ಲಾಪುರದವನಿಗೆ ಓದಲಿಕ್ಕೆ ಆಗುತ್ತಿರಲಿಲ್ಲ” ಅಂತ ಬೈದರು. ನಾನು ಅಳೋಕೆ ಶುರು ಮಾಡಿದೆ. ಅವರು ಗಾಬರಿಯಾಗಿ ಬೈಯೋದು ನಿಲ್ಲಿಸಿದರು. ಅವರ ಅಕ್ಕನ ಮಗ ರಾಕೇಶ ನಿಮ್ಮ ಆಮದಾರ ನಿವಾಸದ ಹಿಂದಿನ ಗ‌ಲ್ಲಿಯಲ್ಲಿ ಹೋಟೆಲಿನ ಗಲ್ಲೆ ನೋಡ್ತಾನೆ. ಈ ಕಾಗದದ ಫೋಟೊ ಅವನ ಫೋನಿಗೆ ಹೋಗುತ್ತೆ. ಊಟದ ಡಬ್ಬಿ ತಂದಾಗ ನಿನಗೆ ತೋರಿಸ್ತಾನೆ. ಅಲ್ಲಿವರೆಗೂ ಬೇರೆ ಯಾರೂ ಕೊಟ್ಟದ್ದನ್ನ ತಿನ್ನಬೇಡ.

ಯಲ್ಲಾಲಿಂಗ ಬಂದಾಗ ನಾನು ಬರಲ್ಲ ಅಂದೆ. ಶಟರಿನ ಮುಂದೆ ಕಾಲು ಚಾಚಿ ಕೂತೆ. ಎದುರಿಗೆ ಆ ಬೈಕಿನವನು ನೋಡ್ತಿದ್ದ, ಅವನ ಮುಂದೆ ಗಂಟು ಕಟ್ಟೋಕೆ ಆಗಲ್ಲ ಅಂದೆ. ಅಜ್ಜಿ ಕೋಲು ಊರಿಕೊಂಡು ಬಂದಳು.

“ನಿನಗ ಆಕಿ ಬಾಯಿ ಬಿಡಬೇಕೋ ಬ್ಯಾಡೋ?”

“ಬೇಕು.”

“ಹಂಗಾದ್ರ ನಿನ್ನ ಸಿಟ್ಟು ಗಿರಣ್ಯಾಗ ಬಿಟ್ಟು ಗಾಡಿ ಹತ್ತು. ಎರಡೂ ಒಯ್ಲಿಕ್ಕ ಜಾಗ ಇಲ್ಲ.”

ಹತ್ತಿದೆ. ಬೈಕಿನವನು ಊರ ಹೊರಗಿನವರೆಗೂ ಹಿಂದೆ ಬಂದ. ಆಮೇಲೆ ನಿಂತ. ಯಾಕೆ ನಿಂತ ಅಂತ ಗೊತ್ತಿಲ್ಲ. ಅಲ್ಲಿಂದ ಭಾಲ್ಕಿಯವರೆಗೂ ಎದುರು ಬಂದ ಒಂದೊಂದು ಲಾರಿಯ ದೀಪ ನೋಡ್ಕೊಂಡು ಬಂದೆ. ಯಲ್ಲಾಲಿಂಗನೂ ನೋಡ್ತಿದ್ದ. ನಮ್ಮನ್ನ ಇಳಿಸಿ ಅವನು ತಿರುಗಿ ಮುಂಬೈ ದಾರಿ ಹಿಡಿದ.

ಇವತ್ತು ಮಾವನ ಮನೆಯಲ್ಲಿ ಬೆಳಿಗ್ಗೆಯಿಂದ ಟಿ.ವಿ. ಮುಂದೆ ಕೂತಿದ್ವಿ. ಓಣಿ ಮಂದಿಯೆಲ್ಲ ಬಂದಿದ್ದರು. ಹೌದು ಅನ್ನೋರ ಸಾಲು ಮೊದಲು ಶುರುವಾಯ್ತು. ಒಬ್ಬೊಬ್ಬರೇ ಏಳೋದು, ಹೆಸರು ಹೇಳೋದು, ಕೂರೋದು. ಧುಳೆಯ ಆ ಮುದುಕರೂ ಎದ್ದರು. ಅವರ ದನಿ ಕೇಳಿಸಲೇ ಇಲ್ಲ, ಮತ್ತೊಂದು ಸಲ ಹೇಳಿ ಅಂದರು. ಆಮೇಲೆ ನಿನ್ನ ಬೆಂಚು ಬಂತು. ನಿನ್ನ ಎಡಕ್ಕಿದ್ದವರು ಎದ್ದು ಹೇಳಿ ಕೂತರು. ಎಲ್ಲರೂ ನಿನ್ನ ಕಡೆ ನೋಡಿದರು.

ನೀನು ಏಳಲಿಲ್ಲ.

ಕ್ಯಾಮರಾ ನಿನ್ನ ಮುಖದ ಮೇಲೆ ನಿಂತುಬಿಡ್ತು. ಹಿಂದಿನ ಬೆಂಚಿನವನು ಬಗ್ಗಿ ನಿನ್ನ ಭುಜ ತಟ್ಟಿದ. ‘ತಾಯಿ, ಏಳಿ’ ಅಂತ ತುಟಿ ಆಡಿದ್ದು ಕಾಣಿಸ್ತು. ನೀನು ತಲೆ ಎತ್ತಿ ಮೇಲೆ ಗ್ಯಾಲರಿ ನೋಡಿದಿ. ಅಲ್ಲಿ ಯಾರು ಕೂತಿದ್ದರು ಅಂತ ಟಿ.ವಿ. ತೋರಿಸಲಿಲ್ಲ. ನನಗೆ ಗೊತ್ತು, ಹರಿದಾಸ.

ಅವ್ವ, ನಾನು ಹೋದ ತಿಂಗಳು ನಿನಗೆ ಬಾಯಿ ಬಿಡು ಅಂತ ಬರೆದವನು. ಆವಾಗ ನಾನು ಏನು ಮಾಡಿದೆ ಗೊತ್ತಾ? ಎದ್ದು ಟಿ.ವಿ. ಹತ್ತಿರ ಹೋಗಿ, “ಏಳು ಅವ್ವ, ಹೌದು ಅಂದುಬಿಡು, ಅವರು ಹೇಳಿದಂಗೆ ಹೇಳಿ ಕೂತ್ಕೋ, ಸಾಕು” ಅಂತ ಕೂಗಿದೆ. ಓಣಿ ಮಂದಿ ಎಲ್ಲರ ಮುಂದೆ. ಮಾವ ನನ್ನ ರಟ್ಟೆ ಹಿಡಿದು ಎಳೆದ. ಅಜ್ಜಿ ಮಾತ್ರ ಕೂತಲ್ಲೇ ಕೂತಿದ್ದಳು. ಕಿವಿ ಕೇಳಲ್ಲ ಅಂತ ನನ್ನ ಮುಖ ನೋಡಿ, “ಏನಂದಳು? ಏನಂದಳು?” ಅಂತ ಕೇಳ್ತಾನೇ ಇದ್ದಳು.

ನಿನ್ನ ಬಿಟ್ಟು ಮುಂದಿನವರಿಗೆ ಹೋದರು. ಸಾಲು ಮುಗೀತು. ಇಲ್ಲ ಅನ್ನೋರು ಏಳಿ ಅಂದರು. ಆ ಕಡೆಯವರು ಏಳುವ ಮೊದಲೇ ಈ ಕಡೆ, ಆ ಎಲ್ಲರ ನಡುವೆ, ನೀನು ಒಬ್ಬಳೇ ಎದ್ದಿ.

“ಜಯಮಾಲಾ ವಿಶ್ವನಾಥಪ್ಪ” ಅಂತ ಅಪ್ಪನ ಹೆಸರೂ ಕೂಡಿಸಿ ಅಂದಿ.

ಸುತ್ತ ಗದ್ದಲ ಎದ್ದಿತು. ಒಬ್ಬ ನಿನ್ನ ಸೆರಗು ಎಳೆದಂಗೆ ಕಾಣಿಸ್ತು. ನೀನು ಕೂರಲಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ, ಇನ್ನೂ ಜೋರಾಗಿ ನಿನ್ನ ಹೆಸರು ಹೇಳಿದಿ. ಕಿವಿ ಮಂದ ಇರೋ ಅಜ್ಜಿಗೂ ಕೇಳಿಸ್ತು. ಸಾಹೇಬ ಗೆದ್ದ, ನಿನ್ನ ಒಂದು ಮತದಿಂದ ಅವನಿಗೆ ಏನೂ ಕಡಿಮೆ ಆಗಲಿಲ್ಲ. ಪಟಾಕಿ ತೋರಿಸಿದರು. ನಿನ್ನ ಮತ್ತೆ ತೋರಿಸಲಿಲ್ಲ.

ಓಣಿ ಮಂದಿ ಪೇಢೆ ತಂದು ನನ್ನ ಬಾಯಿಗೆ ಇಟ್ಟರು. ನುಂಗೋಕೆ ಆಗಲಿಲ್ಲ. ನನ್ನ ಹತ್ತಿರ ಸಿಟ್ಟು ಒಂದು ಚೂರೂ ಉಳಿದಿಲ್ಲ ಅವ್ವ. ಹೆದರಿಕೆ ಅಷ್ಟೇ ಇದೆ.

ಈಗ ನಾನು ಹೇಳಿದಂಗೆ ಮಾಡು. ಕೋಣೆಗೆ ಹೋಗಬೇಡ. ಆಮದಾರ ನಿವಾಸದ ದೊಡ್ಡ ಗೇಟಿನ ಹತ್ತಿರ ಪೊಲೀಸರು, ಟಿ.ವಿ.ಯವರು ಇರ್ತಾರೆ, ಅಲ್ಲೇ ಬೆಳಕಿನಲ್ಲಿ ಕೂತಿರು. ಯಾರಾದರೂ ‘ತಾಯಿ, ಹತ್ತಿರಿ’ ಅಂದರೆ ಹತ್ತಬೇಡ. ಪರಿಚಯದವರಾದರೂ ಹತ್ತಬೇಡ. ಅಳುತ್ತಾ ಕರೆದರೂ ಹತ್ತಬೇಡ. ಯಲ್ಲಾಲಿಂಗ ನಿನ್ನ ಜೊತೆ ಇರಲಿ, ಆದರೆ ಗಾಡಿ ತೆಗೆಯಬೇಡಿ. ನಾವು ರೈಲಿನಲ್ಲಿ, ಜನ ತುಂಬಿದ ಡಬ್ಬಿಯಲ್ಲಿ ವಾಪಸು ಬರೋಣ.

ನಾನು ಹೊರಟೆ. ಅಲ್ಲೇ ಇರು, ಅವ್ವ.

ನಿನ್ನ,
ವಿನಯ